ತೊಮೆಕಿಚಿ ಬೆರಕೆಗೆ ಒಪ್ಪಿದ್ದು

ಸಕಾಶಿತಾ ತೊಮೆಕಿಚಿಗೆ ತನ್ನ ಮೂಗಿನ ಮೇಲಿದ್ದಷ್ಟು ನಂಬಿಕೆ ದೇವರ ಮೇಲೂ ಇರಲಿಲ್ಲ, ಹೆಂಡತಿಯ ಮೇಲೂ ಇರಲಿಲ್ಲ. ಹಾಗೆಂದು ಹೇಳುತ್ತಿದ್ದವಳು ಹೆಂಡತಿ ಫುಸಾಯೆಯೇ. ಬಂದವರ ಮುಂದೆ ಹೇಳಿ, ಚಹಾ ಬಗ್ಗಿಸಿ ಕೊಟ್ಟು, ತಾನೇ ಮೊದಲು ನಗುತ್ತಿದ್ದಳು. ತೊಮೆಕಿಚಿ ಅದನ್ನು ಹೊಗಳಿಕೆಯೆಂದೇ ತಿಳಿದುಕೊಂಡಿದ್ದ.

ಅವನ ಊರು ಕಡಲಿಗೆ ಚಾಚಿಕೊಂಡ ನೋಟೋ ನೆಲದ ತುದಿ. ಅಲ್ಲಿಯ ಗಂಡಸರು ಬೇಸಿಗೆಯಲ್ಲಿ ಗದ್ದೆ, ಮೀನು, ಕಡಲಪಾಚಿ ಎಂದು ಓಡಾಡಿಕೊಂಡಿದ್ದು, ಮೊದಲ ಹಿಮ ಬೀಳುವ ಹೊತ್ತಿಗೆ ಗಂಟುಮೂಟೆ ಕಟ್ಟಿ ಕೊಲ್ಲಿಯಾಚೆ ಅಕ್ಕಿಯ ಮದ್ಯ ಮಾಡುವ ಸಾಕೆಮನೆಗಳಿಗೆ ಹೊರಡುತ್ತಿದ್ದರು. ತೊಮೆಕಿಚಿ ಹದಿನೈದಕ್ಕೇ ಸೋದರಮಾವನ ಬೆನ್ನು ಹಿಡಿದು ಹೊರಟವನು. ಮೊದಲ ಚಳಿಗಾಲಗಳೆಲ್ಲ ಕೊರೆಯುವ ನೀರಿನಲ್ಲಿ ಅಕ್ಕಿ ತೊಳೆಯುವುದರಲ್ಲೇ ಕಳೆದವು. ಬೆರಳು ಸಿಡಿದು ಊಟದ ಕಡ್ಡಿ ಹಿಡಿಯಲಾಗದೆ ಬಟ್ಟಲಿಗೆ ಬಾಯಿ ಹಚ್ಚಿ ಅನ್ನ ತಿಂದದ್ದೂ ಉಂಟು. ಆಮೇಲೆ ಅಕ್ಕಿ ಬೇಯಿಸುವ ಕೆಲಸ ಸಿಕ್ಕಿತು, ಆಮೇಲೆ ಬಿಸಿಕೋಣೆಯಲ್ಲಿ ಅನ್ನಕ್ಕೆ ಹುದುಗಿನ ಬೂಷ್ಟು ಹಿಡಿಸುವ ಕೆಲಸ, ಆಮೇಲೆ ಹುದುಗುವ ತೊಟ್ಟಿಗಳ ಕಾವಲು. ನಲವತ್ತು ದಾಟಿದ ಮೇಲೆ ತಾತೆಯಾಮಾ ಬೆಟ್ಟಗಳ ಕೆಳಗಿನ ಮಸುಯಾಮಾ ಸಾಕೆಮನೆಗೆ ತೋಜಿಯಾಗಿ ಬಂದ. ತೋಜಿಯೆಂದರೆ ಹಿರಿಯ ಮೇಸ್ತ್ರಿ. ಚಳಿಗಾಲ ಮುಗಿಯುವವರೆಗೆ ಆ ಮನೆಯಲ್ಲಿ ಅವನ ಮಾತೇ ಮಾತು. ಕೆಲಸದವರೆಲ್ಲ ಅವನನ್ನು ‘ಓಯಾಜಿ’ ಎನ್ನುತ್ತಿದ್ದರು, ಹೆತ್ತಪ್ಪನನ್ನು ಕರೆದ ಹಾಗೆ. ಮಕ್ಕಳು ದೊಡ್ಡವರಾದ ಮೇಲೆ ಫುಸಾಯೆಯೂ ಚಳಿಗಾಲಕ್ಕೆ ಜೊತೆಗೆ ಬಂದು ಆಳುಗಳ ಅಡುಗೆ ನೋಡಿಕೊಳ್ಳತೊಡಗಿದಳು.

ಯಜಮಾನ ಮಸುಯಾಮಾ ಒಳ್ಳೆಯ ಮನುಷ್ಯ. “ಮಾಡೋದು ನೀನು, ಕುಡಿಯೋದು ನಾನು. ನಡುವೆ ಮಾತ್ಯಾಕೆ?” ಎನ್ನುತ್ತಿದ್ದ. ಹೀಗಾಗಿ ತೊಮೆಕಿಚಿಯ ಮೂಗಿಗೆ ಎದುರಾಡುವವರೇ ಇರಲಿಲ್ಲ. ಪ್ರತಿವರ್ಷ ಮುತ್ತಿನಷ್ಟಾಗುವವರೆಗೆ ಹೊರಮೈ ಉಜ್ಜಿ ಸವೆಸಿದ ಅಕ್ಕಿಯನ್ನು ಏಳನೆಯ ತೊಟ್ಟಿಗೆ ಹಾಕಿ, ತಿಂಗಳುಗಟ್ಟಲೆ ಅದರ ಬಳಿಯೇ ಸುಳಿದಾಡುತ್ತಿದ್ದ. ಆ ತೊಟ್ಟಿಯ ಮುಚ್ಚಳ ತೆಗೆದರೆ ಹಣ್ಣಿನ ತೋಟಕ್ಕೆ ಹೊಕ್ಕಂತಿರುತ್ತಿತ್ತು. ಸ್ಪರ್ಧೆಗಳಲ್ಲಿ ಪದಕಗಳು ಬಂದವು. ಪದಕ ಬಂದಾಗಲೆಲ್ಲ ತೊಮೆಕಿಚಿ ಫೋಟೋದಲ್ಲಿ ಮುಖವನ್ನು ಸ್ವಲ್ಪ ಓರೆ ಮಾಡಿ ನಿಲ್ಲುತ್ತಿದ್ದ. ಮೂಗು ಚೆನ್ನಾಗಿ ಕಾಣಲೆಂದು ಎನ್ನುತ್ತಿದ್ದಳು ಫುಸಾಯೆ.

ತೊಮೆಕಿಚಿಗೆ ಅರವತ್ತಮೂರಾದ ವರ್ಷ ಯಜಮಾನ ಮಸುಯಾಮಾ ಸಾಕೆಮನೆಯನ್ನು ತನ್ನ ಮಗಳು ಚಿಗುಸಾಳ ಕೈಗಿತ್ತು, ಗಾಳ ಹಿಡಿದು ಹೊಳೆದಂಡೆಗೆ ಹೋದ. ಚಿಗುಸಾ ಫ್ರಾನ್ಸಿನಲ್ಲಿ ಆರು ವರ್ಷ ದ್ರಾಕ್ಷಾಮದ್ಯ ಮಾಡುವವರ ಜೊತೆ ದುಡಿದು ಬಂದವಳು. ಹಲವು ತೋಟಗಳ, ಹಲವು ವರ್ಷಗಳ ಮದ್ಯವನ್ನು ಅಳೆದು ತೂಗಿ ಬೆರೆಸಿ ಒಂದು ಸೀಸೆ ಮಾಡುವುದು ಅಲ್ಲಿಯವರ ದೊಡ್ಡ ವಿದ್ಯೆ. ಅದನ್ನೇ ಇಲ್ಲಿ ಸಾಕೆಗೆ ಮಾಡಬೇಕೆಂದು ಅವಳ ಮನಸ್ಸು. ಸಾಕೆಮನೆಗಳಲ್ಲಿ ತೊಟ್ಟಿಗೆ ತೊಟ್ಟಿ ಸೇರಿಸಿ ರುಚಿ ಸರಿದೂಗಿಸುವುದು ಹಿಂದಿನಿಂದಲೂ ಇದ್ದದ್ದೇ. ಆದರೆ ಅದು ದಿನದ ಮಾಲಿಗೆ. ಚಿಗುಸಾ ಕೈಯಿಡಹೊರಟದ್ದು ಮನೆಯ ಅತ್ಯುತ್ತಮ ಸಾಕೆಗೇ.

ಅವಳು ಉದ್ದನೆಯ ಮೇಜಿನ ಮೇಲೆ ಗಾಜಿನ ಅಳತೆಗೊಳವೆಗಳನ್ನೂ ಕಾಲುಳ್ಳ ಗ್ಲಾಸುಗಳನ್ನೂ ಸಾಲಾಗಿ ಇಟ್ಟಿದ್ದನ್ನು ನೋಡಿ ತೊಮೆಕಿಚಿ ಬಾಗಿಲಲ್ಲೇ ನಿಂತ.

“ಅಮ್ಮಣ್ಣಿ, ಇದೇನಿದು? ಒಂಟಿಕಾಲಿನ ಕೊಕ್ಕರೆಗಳನ್ನ ನಿಲ್ಸಿದಂಗಿದೆ.”

“ಹಿಡ್ಕೊಳ್ಳಿ ಓಯಾಜಿ, ಕಚ್ಚಲ್ಲ.”

ಅವನು ಗ್ಲಾಸನ್ನು ಎರಡೂ ಕೈಯಲ್ಲಿ ಚಹಾದ ಬಟ್ಟಲಿನಂತೆ ಹಿಡಿದ. ಗ್ಲಾಸಿನ ಕಾಲು ಲಟಕ್ಕೆಂದು ಮುರಿಯಿತು. “ನೋಡಿದ್ಯಾ? ಇದಕ್ಕೇ ಬೇಡ ಅಂದಿದ್ದು,” ಎಂದು ಅವನು ತಳದಲ್ಲಿ ನೀಲಿ ಬಳೆಗಳಿದ್ದ ತನ್ನ ಬಿಳಿ ಪಿಂಗಾಣಿ ಬಟ್ಟಲನ್ನು ಜೇಬಿನಿಂದ ತೆಗೆದ.

ಚಿಗುಸಾ ತಾಳ್ಮೆಯಿಂದ ಹೇಳಿದಳು: ಏಳನೆಯ ತೊಟ್ಟಿಯ ಸುವಾಸನೆಯ ಸಾಕೆ, ಮೂರನೆಯ ತೊಟ್ಟಿಯಲ್ಲಿ ಊರ ಗದ್ದೆಯ ಅಕ್ಕಿಯಿಂದ ಮಾಡಿದ ಗಟ್ಟಿ ಸಾಕೆ, ಅಪ್ಪ ಹಿಮದ ಉಗ್ರಾಣದಲ್ಲಿ ಮರೆತು ಬಿಟ್ಟಿದ್ದ ಜೇನುಬಣ್ಣದ ಹಳೆಯ ಸಾಕೆ. ಮೂರನ್ನೂ ಹದವಾಗಿ ಬೆರೆಸಬೇಕು.

“ಏಳಕ್ಕೆ ಒಳ್ಳೆ ಮುಖ ಇದೆ, ಮೂರಕ್ಕೆ ಮೈ ಇದೆ, ಹಳೇದಕ್ಕೆ ಬುದ್ಧಿ ಇದೆ ಓಯಾಜಿ.”

“ಹಂಗಾದ್ರೆ ಮೂರನ್ನೂ ಕಟ್ಟಿ ಒಂದು ಗಂಡನ್ನೇ ಮಾಡ್ಕೋ. ನಿಮ್ಮಪ್ಪನ ಚಿಂತೆನಾದ್ರೂ ತೀರ್ತದೆ.”

ಚಿಗುಸಾ ನಕ್ಕುಬಿಟ್ಟಳು. ಅವನಿಗೆ ಅದು ಇನ್ನೂ ಕೋಪ ತಂದಿತು.

“ನಗಬೇಡ. ಏಳನೇದು ನಾನು ಹೆತ್ತ ಮಗ ಇದ್ದಂಗೆ. ಅವನ ಮೂಗು ತಗೊಂಡು ಇನ್ನೊಬ್ಬನ ಮುಖಕ್ಕೆ ಅಂಟಿಸ್ತೀನಿ ಅಂದ್ರೆ ಆಗ್ತದಾ? ಬೆರಕೆ ಬೆರಕೇನೇ. ನೀನು ಹತ್ತು ಬಟ್ಟಲು ಇಡು, ಕಣ್ಣು ಮುಚ್ಚಿ ನನ್ನ ಏಳನೇದನ್ನ ಎತ್ತಿ ಕೊಡ್ತೀನಿ. ನಿನ್ನ ಬೆರಕೆ ಅದಕ್ಕಿಂತ ಚೆನ್ನಾಗಿದೆ ಅಂತ ಈ ಬಾಯಿಂದ ಬಂದ್ರೆ ಆವತ್ತೇ ಒಪ್ತೀನಿ.”

“ನಿಜವಾಗ್ಲೂ?”

“ನೋಟೋದವರ ಮಾತು.”

ಚಿಗುಸಾ ಅಲ್ಲೇ ಅಪ್ಪನಿಗೆ ಫೋನು ಮಾಡಿದಳು. ಕೊನೆಯ ತೊಟ್ಟಿಯ ಸಾಕೆ ಹಿಂಡಿ ಸೋಸಿದ ಮೇಲೆ, ತೊಮೆಕಿಚಿ ಊರಿಗೆ ಹೊರಡುವ ಮೊದಲು, ಮಸುಯಾಮಾನೇ ಬಂದು ಬಟ್ಟಲುಗಳನ್ನಿಟ್ಟು ಪರೀಕ್ಷೆ ಮಾಡುವುದೆಂದು ತೀರ್ಮಾನವಾಯಿತು. ತೊಮೆಕಿಚಿ ಅಡುಗೆಮನೆಗೆ ಹೋಗಿ ಫುಸಾಯೆಗೆ ಇದನ್ನು ವರದಿ ಮಾಡಿದ, ಆಗಲೇ ಗೆದ್ದವನ ಗತ್ತಿನಲ್ಲಿ.

ಹೀಗೆ ದಿನ ಕಳೆಯುತ್ತಿರುವಾಗ ಹಿಮ ಕರಗಿತು. ದೇಗುಲದ ಹಿಂದಿನ ದೇವದಾರು ಕಾಡಿನ ಮೇಲೆ ಹಳದಿ ಹೊಗೆ ಏಳತೊಡಗಿತು. ಮರಗಳ ಪರಾಗ ಗಾಳಿಗೇರಿ ಸೀನು ಹತ್ತಿಸುವ ಹೂಪುಡಿಯ ಕಾಲ. ಊರವರೆಲ್ಲ ಮುಖಕ್ಕೆ ಮಾಸ್ಕು ಕಟ್ಟಿ, ಕಣ್ಣು ಕೆಂಪಾಗಿಸಿಕೊಂಡು ಸೀನುತ್ತ ತಿರುಗಿದರು. ತೊಮೆಕಿಚಿ ವರ್ಷಾವರ್ಷ ಅವರನ್ನು ನೋಡಿ ನಗುತ್ತಿದ್ದ. “ಮರ ನೋಡಿ ಸೀನ್ತಾರಲ್ಲ, ಇವರ ತಾತಂದಿರು ಇದೇ ಮರದ ಕೆಳಗೆ ಮಲಗ್ತಿದ್ರು,” ಎಂದು ಕಿರಿಯ ಮೇಸ್ತ್ರಿ ಹಿಗುಚಿಗೆ ಹೇಳುತ್ತಿದ್ದ. ಹಿಗುಚಿ ಉತ್ತರ ಕೊಡುವ ಬದಲು ಸೀನುತ್ತಿದ್ದ.

ಆ ವರ್ಷ ಒಂದು ಬೆಳಿಗ್ಗೆ ತೊಮೆಕಿಚಿ ತಾನೇ ಸೀನಿದ. ಒಂದಲ್ಲ, ಎರಡಲ್ಲ, ಬಿಸಿಕೋಣೆಯ ಬಾಗಿಲು ಅದುರುವ ಹಾಗೆ. ಸಂಜೆಯ ಹೊತ್ತಿಗೆ ಮೂಗು ಕಟ್ಟಿತು. ಮರುದಿನ ಏಳನೆಯ ತೊಟ್ಟಿಯ ಮುಚ್ಚಳ ತೆಗೆದು ಎಂದಿನಂತೆ ಬಗ್ಗಿದ. ಏನೂ ಇಲ್ಲ. ಇನ್ನೂ ಬಗ್ಗಿದ. ಟೋಪಿ ಜಾರಿ ಸಾಕೆಯೊಳಗೆ ಬೀಳುವುದರಲ್ಲಿತ್ತು. ಏನೂ ಇಲ್ಲ. ಬರೀ ತಣ್ಣಗಿನ ಗಾಳಿ.

ಅವನು ಯಾರಿಗೂ ಹೇಳಲಿಲ್ಲ. ಆದರೆ ಮಧ್ಯಾಹ್ನ ಫುಸಾಯೆ ಊರಿನಿಂದ ತಂದಿದ್ದ ತೌಡಿನ ಬಂಗುಡೆಯ ಪೀಪಾಯಿ ಒಡೆದಳು. ವರ್ಷಗಟ್ಟಲೆ ತೌಡಿನಲ್ಲಿ ಹುಳಿತ ಆ ಮೀನನ್ನು ಕೆಂಡದ ಮೇಲಿಟ್ಟರೆ ಮೂರು ಬೀದಿಯ ಬೆಕ್ಕುಗಳು ಬಂದು ಕೂರುತ್ತವೆ. ಅಂಚೆಯವನು ಮೂಗು ಮುಚ್ಚಿಕೊಂಡು ಓಡಿದ. ತೊಮೆಕಿಚಿ ಒಲೆಯ ಪಕ್ಕವೇ ಬಂದು ಕುಳಿತು ಕೇಳಿದ:

“ಇವತ್ತೇನು ಮಾಡಿದ್ದೀ?”

ಫುಸಾಯೆ ತಿರುಗಿ ಅವನ ಮುಖ ನೋಡಿದಳು. ಒಂದು ಮೀನಿನ ತುಂಡನ್ನು ಕಡ್ಡಿಯಲ್ಲಿ ಹಿಡಿದು ಅವನ ಮೂಗಿನ ಕೆಳಗೆ ಆಡಿಸಿದಳು. ಅವನು ಸುಮ್ಮನೆ ಕಣ್ಣು ಮಿಟುಕಿಸಿದ.

“ಅಯ್ಯೋ ದೇವ್ರೇ! ಹೋಯ್ತಾ?”

“ಮೆತ್ತಗೆ! ಏನೂ ಹೋಗಿಲ್ಲ. ಸ್ವಲ್ಪ ನೆಗಡಿ.”

“ಇದನ್ನ ನೆಗಡಿ ಅಂತಾರೇನ್ರೀ? ಊರಿಗೆಲ್ಲ ಆಗಿರೋದೇ ನಿಮಗೂ ಆಗಿದೆ. ಹೋಗಿ ಅಮ್ಮಣ್ಣಿಗೆ ಹೇಳಿ, ಪರೀಕ್ಷೆ ಮುಂದಕ್ಕೆ ಹಾಕ್ತಾಳೆ.”

“ಹೇಳೋದಾ? ಮೂಗಿಲ್ಲದ ತೋಜಿ ಅಂದ್ರೆ ಗಂಟಲಿಲ್ಲದ ಪುರೋಹಿತ ಇದ್ದಂಗೆ. ಇಷ್ಟು ವರ್ಷ ಹಿಗುಚಿನ ಆಡ್ಕೊಂಡಿದೀನಿ, ಇವತ್ತು ಅವನ ಮುಂದೆ ಹೋಗಿ ನಿಲ್ಲಲಾ?”

ಫುಸಾಯೆ ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಟ್ಟಳು. ಮಾತನ್ನು ಉಳಿಸಿಕೊಂಡಳು ಕೂಡ. ಆದರೆ ಎಲ್ಲರೂ ಊಟಕ್ಕೆ ಕೂತಾಗ ಸೂಪಿನ ಬಟ್ಟಲಿನ ಮುಚ್ಚಳ ತೆಗೆದು, “ಆಹಾ, ಏನ್ ಘಮ! ಅಲ್ವೇನ್ರೀ?” ಎಂದು ಗಂಡನನ್ನೇ ಕೇಳುವುದನ್ನು ಬಿಡಲಿಲ್ಲ. ತೊಮೆಕಿಚಿ “ಹೂಂ, ಹೂಂ” ಎನ್ನುತ್ತ ಬಟ್ಟಲಿನೊಳಗೆ ಮುಖ ಹುದುಗಿಸುತ್ತಿದ್ದ. ಔಷಧದಂಗಡಿಯ ಮಾತ್ರೆ ನುಂಗಿದ. ನಿದ್ದೆ ಬಂತೇ ಹೊರತು ಮೂಗು ಬರಲಿಲ್ಲ.

ಈ ನಡುವೆ ಚಿಗುಸಾ ದಿನಕ್ಕೊಂದು ಬೆರಕೆ ಮಾಡಿ ತಂದು ತೋರಿಸುತ್ತಿದ್ದಳು. ಮೊದಲಾಗಿದ್ದರೆ ತೊಮೆಕಿಚಿ ಮೂಸಿದ ಕೂಡಲೇ ಮೂಗು ಮುರಿದು, ಹತ್ತು ಕೊಂಕು ಹೇಳಿ ಕಳಿಸುತ್ತಿದ್ದ. ಈಗ ಹೇಳುವುದೇನು? ಒಂದು ಗುಟುಕು ಬಾಯಲ್ಲಿ ಹೊರಳಿಸಿ, ಉಗುಳಿ, ಕಿಟಕಿಯಾಚೆ ಬಹಳ ಹೊತ್ತು ನೋಡಿ ಹೇಳಿದ:

“ಏನೋ ಒಂದು ಕಡಿಮೆ ಇದೆ.”

ಚಿಗುಸಾಳ ಹುಬ್ಬು ಮೇಲೇರಿತು. ಓಯಾಜಿ ಬೈಯದೆ ಮಾತಾಡಿದ್ದು ಇದೇ ಮೊದಲು. ಅವಳು ಓಡಿಹೋಗಿ ಹಳೆಯ ಸಾಕೆಯನ್ನು ಎರಡು ಹನಿ ಹೆಚ್ಚಿಸಿ ಮರುದಿನ ತಂದಳು. ತೊಮೆಕಿಚಿ ಮತ್ತೆ ಕಿಟಕಿಯಾಚೆ ನೋಡಿದ.

“ಈಗ ಏನೋ ಒಂದು ಜಾಸ್ತಿ ಇದೆ.”

“ಅದೇ! ನನಗೂ ಹಾಗೇ ಅನ್ನಿಸ್ತು ಓಯಾಜಿ!” ಎಂದು ಅವಳು ಮತ್ತೆ ಓಡಿದಳು. ತೊಮೆಕಿಚಿಗೆ ಬೆವರು ಬಂದಿತು. ಸಾಕೆಮನೆಯಲ್ಲಿ ಮಾತು ಹರಡಿತು: ಓಯಾಜಿ ಬದಲಾಗಿದ್ದಾರೆ, ಆಳಕ್ಕಿಳಿದು ರುಚಿ ನೋಡುತ್ತಿದ್ದಾರೆ, ಒಂದೇ ಮಾತಿನಲ್ಲಿ ತಪ್ಪು ಹಿಡಿಯುತ್ತಾರೆ. ಹಿಗುಚಿಯಂತೂ ಗ್ಲಾಸು ಹಿಡಿದು ಕಿಟಕಿಯಾಚೆ ನೋಡುವುದನ್ನು ಅಭ್ಯಾಸ ಮಾಡತೊಡಗಿದ.

ಪರೀಕ್ಷೆಯ ದಿನ ಮಸುಯಾಮಾ ಹೊಳೆಯಿಂದ ನೇರವಾಗಿ ರಬ್ಬರ್ ಬೂಟಿನಲ್ಲೇ ಬಂದ. ಐದು ಬಿಳಿ ಬಟ್ಟಲುಗಳ ತಳಕ್ಕೆ ಚೀಟಿ ಅಂಟಿಸಿ, ತಾನೇ ಸುರಿದು, ಸಾಲಾಗಿಟ್ಟ. ಎಲ್ಲರೂ ಗೋಡೆಗೊರಗಿ ನಿಂತರು. ಫುಸಾಯೆ ಅಡುಗೆಮನೆಯ ಪರದೆ ಸರಿಸಿ ಮುಖ ಮಾತ್ರ ಹೊರಗಿಟ್ಟಳು.

ತೊಮೆಕಿಚಿ ಮೊದಲು ಮೂಸುವ ಶಾಸ್ತ್ರ ಮಾಡಿದ. ಐದೂ ಒಂದೇ; ಐದೂ ನೀರು. ಆಮೇಲೆ ಬಾಯಿಗಿಟ್ಟ. ಬೇರೆ ದಾರಿಯಿಲ್ಲದೆ ನಾಲಿಗೆಯನ್ನೇ ನಂಬಿದ. ಮೊದಲನೆಯದು ಗಡಸು, ಎರಡನೆಯದು ಹುಳಿ. ಮೂರನೆಯದು ಬಾಯಿಗೆ ಬಂದದ್ದೇ ಗೊತ್ತಾಗಲಿಲ್ಲ. ತೆಳ್ಳಗೆ ಜಾರಿ, ಗಂಟಲಲ್ಲಿ ಸಣ್ಣಗೆ ಚುಚ್ಚಿ ಮಾಯವಾಯಿತು. ನಾಲ್ಕನೆಯದು ನಾಲಿಗೆಯ ಮೇಲೆ ನಿಧಾನವಾಗಿ ಅಗಲವಾಯಿತು, ನಡುವಿನಲ್ಲಿ ಬೆಚ್ಚಗೆ ನಿಂತಿತು, ಹೋಗುವಾಗ ಹಿಂದಿರುಗಿ ನೋಡಿದಂತೆ ಒಂದಿಷ್ಟು ಸಿಹಿ ಬಿಟ್ಟು ಹೋಯಿತು. ತೊಮೆಕಿಚಿಯ ಎದೆ ಹಗುರಾಯಿತು. ಇವನೇ ನನ್ನ ಮಗ, ಇನ್ಯಾರಿಗೆ ಹೀಗೆ ನಿಲ್ಲಲು ಬರುತ್ತದೆ? ಐದನೆಯದನ್ನು ಹೆಸರಿಗೆ ಮಾತ್ರ ಮುಟ್ಟಿದ.

“ಇದು,” ಎಂದು ನಾಲ್ಕನೆಯ ಬಟ್ಟಲನ್ನು ಮುಂದಕ್ಕೆ ತಳ್ಳಿದ. “ಇದರ ಮುಂದೆ ಬೇರೆ ಯಾವುದೂ ನಿಲ್ಲಲ್ಲ.” ಅಲ್ಲಿಗೆ ಸುಮ್ಮನಾಗಿದ್ದರೆ ಆಗುತ್ತಿತ್ತು. ಆದರೆ ಗೆದ್ದ ಹುಮ್ಮಸ್ಸು. ಮೂರನೆಯ ಬಟ್ಟಲನ್ನು ಬೆರಳಲ್ಲಿ ತೋರಿಸಿ ಹೇಳಿದ: “ಮತ್ತೆ ಇದನ್ನ ಯಾವ ಅಂಗಡಿಯಿಂದ ತಂದ್ರಿ ಯಜಮಾನ್ರೇ? ಮೈಯೇ ಇಲ್ಲ. ಒಣಗಾಕಿದ ಬಟ್ಟೆ ಇದ್ದಂಗಿದೆ, ಒಳಗೆ ಆಳೇ ಇಲ್ಲ.”

ಮಸುಯಾಮಾ ನಾಲ್ಕನೆಯ ಬಟ್ಟಲು ಎತ್ತಿ ತಳ ನೋಡಿದ. ಅದು ಚಿಗುಸಾಳ ಬೆರಕೆ. ಮೂರನೆಯದನ್ನು ಎತ್ತಿದ. ಅದು ಏಳನೆಯ ತೊಟ್ಟಿ.

ತೊಮೆಕಿಚಿಯ ಕಿವಿಗಳು ಕೆಂಪಾದವು. “ನಾನು ಅಂದ್ಕೊಂಡಿದ್ದು…” ಎಂದು ಬಾಯಿ ತೆರೆದ. ಅಷ್ಟರಲ್ಲಿ ಚಿಗುಸಾ ಅವನೆದುರು ಬಂದು ಸೊಂಟ ಬಾಗಿಸಿ, ತಲೆ ತಗ್ಗಿಸಿ ನಿಂತಳು. ತಲೆ ಎತ್ತಲೇ ಇಲ್ಲ. ಹಾಗೇ ಬಗ್ಗಿಕೊಂಡೇ ಹೇಳಿದಳು:

“ಓಯಾಜಿ, ನಿಮ್ಮ ಮೂಗಿಗೆ ಏಳನೇದು ಯಾವುದು ಅಂತ ಗೊತ್ತಾಗದೆ ಇರುತ್ತಾ? ಗೊತ್ತಿದ್ದೂ, ಎಲ್ಲರ ಮುಂದೆ ನಿಮ್ಮ ಸಾಕೆನ ನೀವೇ ಹಾಗಂದ್ರಲ್ಲ, ನನ್ನದು ಮುಂದೆ ಹೋಗ್ಲಿ ಅಂತ. ನಾನು ಇದನ್ನ ಮರೆಯಲ್ಲ.”

ಗೋಡೆಗೊರಗಿದ್ದವರೆಲ್ಲ ತಲೆಬಾಗಿದರು. ಹಿಗುಚಿ ಕಣ್ಣೊರೆಸಿಕೊಂಡ, ಅದರಲ್ಲಿ ಹೂಪುಡಿಯ ಪಾಲೆಷ್ಟೋ ತಿಳಿಯದು. ತೊಮೆಕಿಚಿ ತೆರೆದ ಬಾಯಿಯನ್ನು ಮುಚ್ಚಿದ. ನಿಜ ಹೇಳಿದರೆ ಮೂಗೂ ಹೋಯಿತು, ಮಾನವೂ ಹೋಯಿತು. ಹೇಳದಿದ್ದರೆ ಮಹಾತ್ಮನಾಗಬೇಕು. ಒಂದು ಗಳಿಗೆ ಯೋಚಿಸಿ ಮಹಾತ್ಮನಾಗುವುದೇ ಸುಲಭವೆಂದುಕೊಂಡ.

“ಮಗನ ಕೊರತೆ ಹೆತ್ತೋರಿಗಲ್ಲದೆ ಇನ್ಯಾರಿಗೆ ಗೊತ್ತಾಗ್ತದಮ್ಮಣ್ಣಿ?” ಎಂದ ಗಂಭೀರವಾಗಿ.

ಪರದೆಯ ಹಿಂದೆ ಫುಸಾಯೆಗೆ ಜೋರು ಕೆಮ್ಮು ಬಂದಿತು.

ಎಲ್ಲರೂ ಹೊಸ ಸಾಕೆಯ ಸಂಭ್ರಮದಲ್ಲಿದ್ದಾಗ ತೊಮೆಕಿಚಿ ಒಬ್ಬನೇ ತೊಟ್ಟಿಗಳ ಕಡೆ ಹೋದ. ಏಳನೆಯದರಿಂದ ಒಂದು ಸೌಟು ತೆಗೆದು ಕುಡಿದ. ಇನ್ನೊಂದು ಸೌಟು ಕುಡಿದ. ಹೌದು, ತೆಳು. ವಾಸನೆಯ ರೇಷ್ಮೆ ಕಳಚಿಟ್ಟರೆ ಒಳಗಿರುವುದು ಬಡಕಲು ಹುಡುಗ. ಎಷ್ಟು ವರ್ಷದಿಂದ ಹೀಗೆ? ಪದಕದ ಪರೀಕ್ಷಕರು ನೂರಾರು ಬಟ್ಟಲು ಮೂಸಿ ಉಗುಳುವವರು. ಅವರಿಗೆ ಹಿಡಿಸಲೆಂದು ತಾನು ವರ್ಷದಿಂದ ವರ್ಷಕ್ಕೆ ಘಮವನ್ನೇ ಬೆಳೆಸಿದ್ದ, ಮೈಯನ್ನು ಮರೆತಿದ್ದ. ಮೂರನೆಯ ತೊಟ್ಟಿಯನ್ನು ಬೇಕೋ ಬೇಡವೋ ಎಂದು ಮಾಡಿ ಎಸೆದವನೂ ತಾನೇ. ಅದರಿಂದಲೂ ಒಂದು ಸೌಟು ಕುಡಿದ. ದುಡಿದು ಬಂದವನ ಹೆಗಲಿನಂತೆ ಗಟ್ಟಿಯಾಗಿತ್ತು ಅದು. ಅವನು ತಲೆಕೆಳಗು ಮಾಡಿಟ್ಟ ಬಕೆಟ್ಟಿನ ಮೇಲೆ ಕುಳಿತುಬಿಟ್ಟ.

ಫುಸಾಯೆ ಹುಡುಕಿಕೊಂಡು ಬಂದಳು. ಗೇಲಿ ಮಾಡಲೆಂದೇ ಬಂದಿದ್ದಳು. ಅವನ ಮುಖ ನೋಡಿ ಪಕ್ಕದ ಬಕೆಟ್ಟಿನ ಮೇಲೆ ಕುಳಿತಳು.

“ಸೋತ್ರಿ ಅಂತ ಬೇಜಾರಾ?”

“ಸೋತಿದ್ದಕ್ಕಲ್ಲ ಕಣೆ. ಅವಳು ಹೇಳಿದ್ದು ಸರಿ ಇತ್ತು. ಇವನಿಗೆ ಮುಖ ಬಿಟ್ಟರೆ ಏನೂ ಇಲ್ಲ.”

“ಅದಕ್ಕೇನೀಗ? ನನ್ನ ಮದುವೆಯಾದಾಗ ನಿಮಗೂ ಮೂಗು ಬಿಟ್ಟರೆ ಏನೂ ಇರ್ಲಿಲ್ಲ. ಆಮೇಲೆ ಮೈ ಹಿಡೀತು.”

ತೊಮೆಕಿಚಿ ನಗಲು ಹೋಗಿ ಸೀನಿದ.

ಮೇ ತಿಂಗಳಲ್ಲಿ ಅವರು ನೋಟೋದ ಮನೆಯಲ್ಲಿದ್ದರು. ನಾಟಿಯ ಕಾಲ. ಒಂದು ಬೆಳಿಗ್ಗೆ ತೊಮೆಕಿಚಿ ನೆರೆಯವನ ಗೊಬ್ಬರದ ಗುಂಡಿಯ ಪಕ್ಕ ನಿಂತು, ಕಣ್ಣು ಮುಚ್ಚಿ, ದೀರ್ಘವಾಗಿ ಉಸಿರೆಳೆಯುತ್ತಿದ್ದುದನ್ನು ನೋಡಿ ನೆರೆಯವನು ಗಾಬರಿಯಿಂದ ಫುಸಾಯೆಯನ್ನು ಕೂಗಿದ. ಮೂಗು ಬಂದಿತ್ತು. ಆ ದಿನವೆಲ್ಲ ಅವನು ಮನೆಯ ಒಂದೊಂದೇ ವಸ್ತುವನ್ನು ಎತ್ತಿ ಮೂಸಿದ.

ಅದೇ ವಾರ ಚಿಗುಸಾ ಕಳಿಸಿದ ಸೀಸೆ ಬಂದಿತು. ಕಪ್ಪು ಸೀಸೆ, ಬಿಳಿ ಹಣೆಪಟ್ಟಿ, ಮೂಲೆಯಲ್ಲಿ ಸಣ್ಣಗೆ ಸಕಾಶಿತಾ ತೊಮೆಕಿಚಿಯ ಹೆಸರು. ಅವನು ಸುರಿದು, ಮೊದಲ ಬಾರಿಗೆ ಅದನ್ನು ಮೂಸಿದ. ಮೇಲೆ ತನ್ನ ಏಳನೆಯದರ ಹಣ್ಣಿನ ಘಮ. ಅದರ ಕೆಳಗೆ ಹಳೆಯ ಸಾಕೆಯ, ಒಣ ಅಣಬೆಯ ಹಾಗಿನ, ಅಜ್ಜಿಯ ಬೀರುವಿನಂಥ ವಾಸನೆ.

“ಥೂ! ಮೂಗಿದ್ದಿದ್ರೆ ಇದನ್ನ ಹತ್ತಿರಾನೂ ಸೇರಿಸ್ತಿರ್ಲಿಲ್ಲ ನಾನು.”

“ಹಂಗಾದ್ರೆ ಚೆಲ್ಲಲಾ?” ಫುಸಾಯೆ ಕೈ ಚಾಚಿದಳು.

ಅವನು ಬಟ್ಟಲನ್ನು ಹಿಂದಕ್ಕೆಳೆದುಕೊಂಡ. ಒಂದು ಗುಟುಕು ಕುಡಿದ. ಬಾಯಿಗೆ ಹೊಕ್ಕ ಮೇಲೆ ಆ ಬೀರುವಿನ ವಾಸನೆಯೇ ಎಲ್ಲವನ್ನೂ ಹಿಡಿದು ನಿಲ್ಲಿಸಿತ್ತು. ಎರಡನೆಯ ಬಟ್ಟಲು ಸುರಿದುಕೊಳ್ಳುತ್ತ, “ಪಾಪ, ಆ ಹುಡುಗಿಗೆ ನಿಜ ಹೇಳ್ಬೇಕು,” ಎಂದ.

ಹೇಳಿದ ಕೂಡ. ಶರತ್ಕಾಲ ಮುಗಿದು ಸಾಕೆಮನೆಗೆ ಹಿಂದಿರುಗಿದ ದಿನವೇ ಚಿಗುಸಾಳನ್ನು ಕರೆದು, ಮೂಗು ಕಟ್ಟಿದ್ದು, ಕಿಟಕಿಯಾಚೆ ನೋಡಿದ್ದು, ಬೆರಕೆಯನ್ನು ತನ್ನದೆಂದುಕೊಂಡದ್ದು ಎಲ್ಲವನ್ನೂ ಹೇಳಿ ತಲೆಬಾಗಿದ. ಚಿಗುಸಾ ಮೆಲ್ಲಗೆ ನಕ್ಕು ಅವನ ಕೈ ಹಿಡಿದುಕೊಂಡಳು.

“ನನಗೆ ಹೊರೆ ಅನ್ನಿಸಬಾರದು ಅಂತ ಇಷ್ಟು ದೊಡ್ಡ ಕಥೆ ಕಟ್ಟಿದ್ರಾ ಓಯಾಜಿ?”

“ಕಥೆಯಲ್ಲ ಅಮ್ಮಣ್ಣಿ, ನಿಜ! ಇವಳನ್ನೇ ಕೇಳು.”

ಫುಸಾಯೆ ಮೂಲಂಗಿ ಹೆಚ್ಚುತ್ತಿದ್ದವಳು ತಲೆ ಎತ್ತದೆ, “ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ಟಿದೀನಪ್ಪ,” ಎಂದಳು.

ಆ ಚಳಿಗಾಲ ತೊಮೆಕಿಚಿ ಏಳನೆಯ ತೊಟ್ಟಿಗೆ ಹಾಕುವ ಅಕ್ಕಿಯನ್ನು ಅಷ್ಟು ಸಣ್ಣಗೆ ಸವೆಸಲಿಲ್ಲ. ಹುದುಗಲು ಹೆಚ್ಚು ದಿನ ಬಿಟ್ಟ. ಮೂರನೆಯದನ್ನೂ ಪಕ್ಕದಲ್ಲೇ ನಿಂತು ನೋಡಿಕೊಂಡ. ರುಚಿ ನೋಡುವಾಗ ಮೊದಲ ಗುಟುಕಿಗೆ ಎರಡು ಬೆರಳಿನಿಂದ ಮೂಗು ಒತ್ತಿ ಹಿಡಿಯುತ್ತಿದ್ದ. ಯಾರಾದರೂ ಕೇಳಿದರೆ “ನೋಟೋ ಕಡೆಯ ಹಳೇ ಪದ್ಧತಿ” ಎನ್ನುತ್ತಿದ್ದ. ತಿಂಗಳೊಳಗೆ ಹಿಗುಚಿಯೂ ಮೂಗು ಹಿಡಿದ, ಆಮೇಲೆ ಉಳಿದವರು ಹಿಡಿದರು, ಕೊನೆಗೆ ದೂರದ ನಗರಗಳಿಂದ ಬಂದ ಅತಿಥಿಗಳೂ ಸಾಲಾಗಿ ನಿಂತು ಮೂಗು ಹಿಡಿದುಕೊಂಡು ಬೆಲೆಬಾಳುವ ಸಾಕೆ ಕುಡಿದರು. ನೋಟೋದ ಬೇರೆ ತೋಜಿಗಳು ಇದನ್ನು ಕೇಳಿ, ಇಂಥ ಪದ್ಧತಿ ತಮ್ಮಜ್ಜಂದಿರ ಕಾಲದಲ್ಲಿ ಇತ್ತೇನೋ ಎಂದು ತಲೆ ಕೆರೆದುಕೊಂಡರಂತೆ.

ಆ ವರ್ಷ ಏಳನೆಯ ತೊಟ್ಟಿಗೆ ಪದಕ ಬರಲಿಲ್ಲ. ಸುದ್ದಿ ಬಂದಾಗ ತೊಮೆಕಿಚಿ ಚಿಂತೆಯಿಲ್ಲವೆಂದು ಎಲ್ಲರಿಗೂ ಹೇಳಿದ, ಕೇಳದವರಿಗೂ ಹೇಳಿದ, ಆಮೇಲೆ ವಾರವಿಡೀ ಯಾರೊಂದಿಗೂ ಮಾತಾಡಲಿಲ್ಲ. ಇನ್ನೂ ನಾಲ್ಕು ಚಳಿಗಾಲ ಅಲ್ಲೇ ದುಡಿದು, ಕೆಲಸವನ್ನು ಹಿಗುಚಿಗೆ ಒಪ್ಪಿಸಿ ಊರಿಗೆ ಹೋದ. ಈಗಲೂ ಬೆರೆಸುವ ಕಾಲ ಬಂದರೆ ಚಿಗುಸಾ ನಾಲ್ಕೈದು ಸಣ್ಣ ಸೀಸೆಗಳನ್ನು ನೋಟೋಗೆ ಕಳಿಸುತ್ತಾಳೆ. ತೊಮೆಕಿಚಿ ಕುಡಿದು, ಫೋನು ಎತ್ತಿ, ಏನೋ ಒಂದು ಕಡಿಮೆ ಇದೆ ಎನ್ನುತ್ತಾನೆ. ಈಗ ಅದೇನೆಂದು ಅವನಿಗೆ ಗೊತ್ತಿರುತ್ತದೆ, ಹೇಳುತ್ತಾನೆ ಕೂಡ. ಚಿಗುಸಾ ಅರ್ಧ ಕೇಳುತ್ತಾಳೆ, ಅರ್ಧ ತನಗೆ ತೋಚಿದಂತೆ ಮಾಡುತ್ತಾಳೆ.